ಸೈಡ್‌ಕಾರ್ ಬೈಕ್ ಕಲಿಯುವವರಿಗೆ: ಎಡ ತಿರುವೇ ಮುಖ್ಯ ಪಾಠ

ಬುಲೆಟ್ಟಿಗೆ ಸೈಡ್‌ಕಾರ್, ಅಂದರೆ ಪಕ್ಕದಲ್ಲಿ ಒಂಟಿ ಚಕ್ರದ ಕೂರುವ ತೊಟ್ಟಿ, ಹಾಕಿಸಿದ ಎಷ್ಟೋ ಜನ ಅದೇ ದಿನ ಸಂಜೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ರೋಡಿಗೆ ಇಳಿದುಬಿಡುತ್ತಾರೆ. "ಇಷ್ಟು ವರ್ಷ ಬೈಕ್ ಓಡಿಸಿದ್ದೀನಿ, ಇದೇನು ಮಹಾ" ಅನ್ನುವ ಧೈರ್ಯ. ನಾನು ಈ ಲೇಖನ ಬರೆಯುತ್ತಿರುವುದೇ ಆ ಧೈರ್ಯಕ್ಕೆ ಹೆದರಿ. ಮೂರನೇ ಚಕ್ರ ಬಂದ ಕೂಡಲೇ ಬೈಕು ವಾಲುವುದನ್ನು ನಿಲ್ಲಿಸುತ್ತದೆ. ಆಮೇಲೆ ನಿಮ್ಮ ಕೈ ವರ್ಷಗಟ್ಟಲೆ ಕಲಿತ ಅಭ್ಯಾಸವೇ ನಿಮಗೆ ತಿರುಗಿ ಬೀಳುತ್ತದೆ. ಹೊಸಬರಿಗಿಂತ ಪಳಗಿದ ಬೈಕ್ ಸವಾರರೇ ಇಲ್ಲಿ ಜಾಸ್ತಿ ಎಡವುತ್ತಾರೆ.

ಹಾಗಂತ ಇದು ಕಷ್ಟದ ವಿದ್ಯೆ ಏನಲ್ಲ. ಒಂದು ಖಾಲಿ ಮೈದಾನ, ಎರಡು ಮರಳಿನ ಮೂಟೆ, ನಾಲ್ಕೈದು ಭಾನುವಾರದ ಬೆಳಗ್ಗೆ ಸಾಕು. ಆದರೆ ಆ ಭಾನುವಾರಗಳನ್ನು ಬಿಟ್ಟುಬಿಡುವ ಹಾಗಿಲ್ಲ.

ಕೈಗೆ ಗಲಿಬಿಲಿ ಯಾಕೆ?

ಮಾಮೂಲಿ ಬೈಕಿನಲ್ಲಿ ಸ್ವಲ್ಪ ವೇಗ ಬಂದ ಮೇಲೆ ಎಡಕ್ಕೆ ಹೋಗಬೇಕಾದರೆ ನಿಮ್ಮ ಎಡಗೈ ಹ್ಯಾಂಡಲನ್ನು ಮುಂದಕ್ಕೆ ಮೆಲ್ಲಗೆ ಒತ್ತುತ್ತದೆ. ಬೈಕು ಎಡಕ್ಕೆ ವಾಲುತ್ತದೆ, ಎಡಕ್ಕೆ ತಿರುಗುತ್ತದೆ. ಇದನ್ನು ಯಾರೂ ನಿಮಗೆ ಹೇಳಿಕೊಟ್ಟಿರಲಿಕ್ಕಿಲ್ಲ, ಕೈ ತಾನಾಗಿ ಕಲಿತಿರುತ್ತದೆ. ಸೈಡ್‌ಕಾರ್ ಇರುವ ಬೈಕಿನಲ್ಲಿ ಹಾಗೆಯೇ ಎಡಗೈ ಒತ್ತಿದರೆ ಗಾಡಿ ನೇರವಾಗಿ ಬಲಕ್ಕೆ ಹೋಗುತ್ತದೆ. ನಮ್ಮ ರೋಡಿನಲ್ಲಿ ಬಲಕ್ಕೆ ಅಂದರೆ ಎದುರಿನಿಂದ ಬರುವ ಲಾರಿಯ ದಾರಿಗೆ. ಎಡಕ್ಕೆ ಹೋಗಬೇಕಾದರೆ ಹ್ಯಾಂಡಲನ್ನು ಎಡಕ್ಕೇ ತಿರುಗಿಸಬೇಕು, ಆಟೋದವರು ತಿರುಗಿಸುವ ಹಾಗೆ. ಬರೀ ಮೈ ವಾಲಿಸಿದರೆ ಏನೂ ಆಗುವುದಿಲ್ಲ.

ಆರಾಮಾಗಿ ಹೋಗುತ್ತಿರುವಾಗ ಇದು ಬೇಗ ರೂಢಿಯಾಗುತ್ತದೆ. ತೊಂದರೆ ಇರುವುದು ಗಾಬರಿಯಾದಾಗ. ನಾಯಿ ಅಡ್ಡ ಬಂತು, ತಿರುವು ಅಂದುಕೊಂಡಿದ್ದಕ್ಕಿಂತ ಬಿಗಿಯಾಗಿತ್ತು ಅನ್ನುವ ಹೊತ್ತಿನಲ್ಲಿ ಕೈ ಹಳೇ ಅಭ್ಯಾಸಕ್ಕೆ ಹೋಗಿಬಿಡುತ್ತದೆ. ಅದಕ್ಕೇ ಅಭ್ಯಾಸ ಮೈದಾನದಲ್ಲೇ ಗಟ್ಟಿಯಾಗಬೇಕು.

ಇನ್ನೊಂದು ಎಚ್ಚರಿಕೆ. ನಾವು ರಸ್ತೆಯ ಎಡಗಡೆ ಓಡಿಸುವವರು, ಆದ್ದರಿಂದ ನಮ್ಮಲ್ಲಿ ಸೈಡ್‌ಕಾರ್ ಬೈಕಿನ ಎಡಕ್ಕಿರುತ್ತದೆ. ಬ್ರಿಟನ್, ಜಪಾನ್, ಆಸ್ಟ್ರೇಲಿಯಾದಲ್ಲೂ ಹಾಗೆಯೇ. ಅಮೆರಿಕ, ಜರ್ಮನಿ, ರಷ್ಯಾದಲ್ಲಿ ಬಲಕ್ಕೆ. ಮೊಬೈಲಿನಲ್ಲಿ ಸಿಗುವ ಕಲಿಕೆಯ ವಿಡಿಯೋಗಳಲ್ಲಿ ಆ ಕಡೆಯವರದ್ದು ಬೇಕಾದಷ್ಟಿವೆ. ಅವರು "ಬಲ ತಿರುವಿನಲ್ಲಿ ಚಕ್ರ ಏಳುತ್ತದೆ, ಹುಷಾರು" ಅಂದರೆ ನಮಗೆ ಅದು ಎಡ ತಿರುವು. ವಿಡಿಯೋ ನೋಡುವ ಮುಂಚೆ ಸೈಡ್‌ಕಾರ್ ಯಾವ ಕಡೆ ಇದೆ ನೋಡಿ. ಇದೊಂದು ತಿಳಿಯದೆ ಪಾಠವನ್ನು ಪೂರ್ತಿ ಉಲ್ಟಾ ಕಲಿತವರಿದ್ದಾರೆ.

ಮೊದಲು ಕಾಗದಪತ್ರ

1988ರ ಮೋಟಾರು ವಾಹನ ಕಾಯ್ದೆಯ 2(27)ನೇ ಕಲಮಿನ ಪ್ರಕಾರ, ಬಿಚ್ಚಿ ತೆಗೆಯಬಹುದಾದ ಸೈಡ್‌ಕಾರ್ ಜೋಡಿಸಿದರೂ ಅದು ಮೋಟಾರ್ ಸೈಕಲ್ಲೇ. ಆದರೆ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವುದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಸುಮ್ನೆ ಬದಲಾಯಿಸುವಂತಿಲ್ಲ. ಹಾಗಾಗಿ ಜೋಡಿಸುವ ಮುಂಚೆಯೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಿಕೊಳ್ಳಿ. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ಮೌಖಿಕವಾಗಿ ಹೇಳಿದ್ದು ಕ್ಲೇಮಿನ ದಿನ ಲೆಕ್ಕಕ್ಕೆ ಬರುವುದಿಲ್ಲ.

ಹೆಲ್ಮೆಟ್ ವಿಷಯ. 129ನೇ ಕಲಮು ಬೈಕಿನಲ್ಲಿ ಕರೆದೊಯ್ಯುವ, ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ. ತೊಟ್ಟಿಯಲ್ಲಿ ಕೂತವರು ಕಾರಿನಲ್ಲಿ ಕೂತಂತೆ ಬರಿತಲೆಯಲ್ಲಿ ಕೂರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಗಾಡಿ ಮಗುಚಿದರೆ ನೆಲಕ್ಕೆ ಅವರ ತಲೆಯೇ ಹತ್ತಿರ.

ಜೋಡಣೆ ಸರಿಯಿದೆಯಾ, ನೀವೇ ನೋಡಿ

ಕಲಿಯುವವರು ಈ ಭಾಗವನ್ನು ಮೆಕ್ಯಾನಿಕ್‌ಗೆ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಜೋಡಣೆ ತಪ್ಪಿದ್ದರೆ ಎಷ್ಟು ಕಲಿತರೂ ಗಾಡಿ ಒಂದು ಕಡೆಗೆ ಎಳೆಯುತ್ತಲೇ ಇರುತ್ತದೆ. ನೀವು ನಿಮ್ಮ ಕೈಯನ್ನೇ ಬೈದುಕೊಳ್ಳುತ್ತಾ ಇರುತ್ತೀರಿ.

ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ. ಮಾಮೂಲಿ ಓಡಿಸುವ ಒತ್ತಡಕ್ಕೆ ಗಾಳಿ ತುಂಬಿಸಿರಿ. ಸೀಟಿನ ಮೇಲೆ ನಿಮ್ಮಷ್ಟೇ ತೂಕದವರೊಬ್ಬರು ಕೂರಲಿ. ಡೊಂಕಿಲ್ಲದ ಎರಡು ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ತಗೊಳ್ಳಿ. ಒಂದನ್ನು ಬೈಕಿನ ಎರಡೂ ಚಕ್ರಗಳ ಪಕ್ಕಕ್ಕೆ, ಇನ್ನೊಂದನ್ನು ಸೈಡ್‌ಕಾರ್ ಚಕ್ರದ ಪಕ್ಕಕ್ಕೆ ತಾಗಿಸಿ ನೆಲದ ಮೇಲಿಡಿ. ಹಿಂದಿನ ಚಕ್ರದ ಹತ್ತಿರ ಪಟ್ಟಿಗಳ ನಡುವಿನ ಅಂತರ ಅಳೆಯಿರಿ, ಮುಂದಿನ ಚಕ್ರದ ಹತ್ತಿರವೂ ಅಳೆಯಿರಿ. ಮುಂದಿನ ಅಳತೆ ಒಂದರಿಂದ ಎರಡು ಸೆಂಟಿಮೀಟರ್ ಕಡಿಮೆ ಇರಬೇಕು. ಅಂದರೆ ಸೈಡ್‌ಕಾರ್ ಚಕ್ರ ಒಂಚೂರು ಬೈಕಿನ ಕಡೆಗೆ ಮುಖ ಮಾಡಿರಬೇಕು. ಇದು ಜಾಸ್ತಿಯಾದರೆ ಟೈರು ಬೇಗ ಸವೆಯುತ್ತದೆ. ಕಡಿಮೆಯಾದರೆ ಗಾಡಿ ಎಡಕ್ಕೆ ಎಳೆಯುತ್ತದೆ.

ಎರಡನೆಯದು ಬೈಕಿನ ವಾಲು. ಗಾರೆ ಕೆಲಸದವರ ತೂಗುಗುಂಡು ಇದ್ದರೆ ಸಾಕು. ಬೈಕು ಸೈಡ್‌ಕಾರಿನಿಂದ ಆಚೆಗೆ, ಅಂದರೆ ಬಲಕ್ಕೆ, ಒಂದರಿಂದ ಎರಡು ಡಿಗ್ರಿ ವಾಲಿರಬೇಕು. ಒಂದು ಮೀಟರ್ ಎತ್ತರಕ್ಕೆ ಹೆಚ್ಚು ಕಡಿಮೆ ಎರಡು ಮೂರು ಸೆಂಟಿಮೀಟರ್. ನಮ್ಮ ರಸ್ತೆಗಳು ಮಧ್ಯದಲ್ಲಿ ಉಬ್ಬಿ ಎಡ ಅಂಚಿಗೆ ಇಳಿಜಾರಾಗಿರುತ್ತವೆ. ಈ ಸಣ್ಣ ವಾಲು ಆ ಇಳಿಜಾರಿನ ಎಳೆತವನ್ನು ತೂಗಿಸುತ್ತದೆ. ಬೈಕು ಎಡಕ್ಕೆ, ಸೈಡ್‌ಕಾರಿನ ಕಡೆಗೆ ವಾಲಿ ನಿಂತಿದ್ದರೆ ಅದನ್ನು ಓಡಿಸಲೇಬೇಡಿ, ವಾಪಸ್ ಗ್ಯಾರೇಜಿಗೆ ತಳ್ಳಿ.

ಸೈಡ್‌ಕಾರಿನ ಚಕ್ರ ಬೈಕಿನ ಹಿಂದಿನ ಚಕ್ರಕ್ಕಿಂತ ಸ್ವಲ್ಪ ಮುಂದಿರಬೇಕು. ಜೋಡಣೆ ನಾಲ್ಕು ಕಡೆ ಇರುವುದು ಒಳ್ಳೆಯದು: ಕೆಳಗೆ ಎರಡು, ಮೇಲೆ ಎರಡು. ಫ್ರೇಮಿನಲ್ಲಿ ಗಟ್ಟಿ ಜಾಗ ಇಲ್ಲದ ಬೈಕುಗಳಿಗೆ ಪ್ರತ್ಯೇಕ ಸಬ್‌ಫ್ರೇಮ್ (ಸೈಡ್‌ಕಾರ್ ಹಿಡಿಯಲು ಸೇರಿಸುವ ಇನ್ನೊಂದು ಚೌಕಟ್ಟು) ಮಾಡಿಸಬೇಕಾಗುತ್ತದೆ. ಸಿಕ್ಕ ಪೈಪಿಗೆ ಕ್ಲಾಂಪ್ ಹಾಕಿ ಕೊಡುವ ಕಡೆ ಹೋಗಬೇಡಿ. ಮೈಸೂರಿನಲ್ಲಿ ತಯಾರಾದ ಹಳೇ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೆ ಒಂದು ಮಾತು: ಅವುಗಳ ಕಿಕ್ಕರ್ ಎಡಗಡೆ ಇದೆ. ಸೈಡ್‌ಕಾರ್ ಕೂತ ಮೇಲೆ ಅಲ್ಲಿ ಕಾಲಾಡಿಸಲು ಜಾಗ ಉಳಿಯುತ್ತದಾ ಅಂತ ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಿ.

ಮೈದಾನಕ್ಕೆ ಹೋಗುವಾಗ

ಖಾಲಿ ಇರುವ, ಗಟ್ಟಿ ನೆಲದ, ಸಮತಟ್ಟಾದ ಜಾಗ ಬೇಕು. ರಜಾ ದಿನದ ಸಂತೆ ಮೈದಾನವೋ ದೊಡ್ಡ ಪಾರ್ಕಿಂಗ್ ಜಾಗವೋ ಆದೀತು, ಅನುಮತಿ ಕೇಳಿ. ಸುತ್ತ ಕಂಬ, ಕಟ್ಟೆ ಇರಬಾರದು. ಮುಖ್ಯವಾಗಿ ಬಲಗಡೆ ಜಾಗ ಬಿಟ್ಟಿರಬೇಕು, ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ತೊಟ್ಟಿಯಲ್ಲಿ 40-50 ಕಿಲೋ ತೂಕ ಹಾಕಿ. 25 ಕಿಲೋದ ಎರಡು ಮರಳಿನ ಮೂಟೆ ಸರಿಯಾಗುತ್ತದೆ. ಮೂಗಿನ ಭಾಗದಲ್ಲಿ ಇಡಬೇಡಿ, ತೀರಾ ಹಿಂದೆಯೂ ಬೇಡ. ಸೈಡ್‌ಕಾರ್ ಚಕ್ರದ ಹತ್ತಿರ, ಸಾಧ್ಯವಾದಷ್ಟು ಎಡಕ್ಕೆ ಇಟ್ಟು ಅಲುಗಾಡದಂತೆ ಹಗ್ಗದಲ್ಲಿ ಬಿಗಿಯಿರಿ. ಮೂಟೆಯ ಬದಲು ಸ್ನೇಹಿತನನ್ನು ಕೂರಿಸಿದರಾಯಿತು ಅನ್ನುವವರಿಗೆ ನನ್ನ ಉತ್ತರ ಖಡಾಖಂಡಿತ ಬೇಡ. ಕಲಿಯುವ ದಿನಗಳಲ್ಲಿ ತೊಟ್ಟಿಯೊಳಗೆ ಜೀವ ಇರಬಾರದು.

ಹೆಲ್ಮೆಟ್, ಗ್ಲೌಸ್, ದಪ್ಪ ಜಾಕೆಟ್, ಪಾದ ಮುಚ್ಚುವ ಶೂ ಬೇಕೇ ಬೇಕು. ಇನ್ನು ಕಾಲು. ಬೈಕ್ ನಿಲ್ಲುವಾಗ ಕಾಲು ಕೆಳಗಿಡುವುದು ನಮ್ಮ ರಕ್ತದಲ್ಲೇ ಇದೆ. ಇಲ್ಲಿ ಕಾಲು ಫುಟ್‌ರೆಸ್ಟ್ ಬಿಟ್ಟು ಇಳಿಯಬಾರದು. ಎಡಗಾಲು ನೆಲಕ್ಕೆ ಇಟ್ಟಾಗ ಗಾಡಿ ಇನ್ನೂ ಅರ್ಧ ಅಡಿ ಮುಂದೆ ಹೋಯಿತು ಅಂದರೆ ಸೈಡ್‌ಕಾರಿನ ಅಡ್ಡ ಪೈಪು ಮೀನಖಂಡಕ್ಕೆ ಹಿಂದಿನಿಂದ ಬಂದು ಕಚ್ಚುತ್ತದೆ. ಮೊದಲ ದಿನವಿಡೀ ಇದೊಂದನ್ನೇ ಬಾಯಿಬಿಟ್ಟು ಹೇಳಿಕೊಳ್ಳುತ್ತಿರಿ: ಕಾಲು ಮೇಲೆ.

ಹೆಜ್ಜೆ ಒಂದು: ನೇರಕ್ಕೆ ಹೋಗುವುದು

ಸುಲಭ ಅನ್ನಿಸುತ್ತದೆ ಅಲ್ವಾ? ಮೊದಲ ಗೇರಿನಲ್ಲಿ ಹೊರಟು ನೋಡಿ. ರೇಸ್ ಕೊಟ್ಟ ತಕ್ಷಣ ಗಾಡಿ ಎಡಕ್ಕೆ ಎಳೆಯುತ್ತದೆ. ರೇಸ್ ಬಿಟ್ಟರೆ ಬಲಕ್ಕೆ. ಬ್ರೇಕ್ ಹಿಡಿದರೆ ಬಲಕ್ಕೆ ಇನ್ನೂ ಜೋರಾಗಿ. ಕಾರಣ ಸರಳ. ಎಂಜಿನ್ ತಳ್ಳುವುದು ಬೈಕಿನ ಹಿಂದಿನ ಚಕ್ರವನ್ನು ಮಾತ್ರ. ಎಡಗಡೆಯ ತೊಟ್ಟಿ ಸುಮ್ಮನೆ ಜೊತೆಗೆ ಬರುವ ಭಾರ. ವೇಗ ಹೆಚ್ಚಿಸುವಾಗ ಅದು ಹಿಂದೆ ಉಳಿಯಲು ನೋಡುತ್ತದೆ, ನಿಲ್ಲಿಸುವಾಗ ಮುಂದಕ್ಕೆ ನುಗ್ಗಲು ನೋಡುತ್ತದೆ. ತೊಟ್ಟಿ ಭಾರವಾದಷ್ಟೂ ಈ ಎಳೆತ ಜಾಸ್ತಿ.

ಮೈದಾನದಲ್ಲಿ ಸುಣ್ಣದಲ್ಲೋ ಚಾಕ್‌ಪೀಸಿನಲ್ಲೋ ಒಂದು ಉದ್ದ ಗೆರೆ ಎಳೆದುಕೊಳ್ಳಿ. ಮುಂದಿನ ಚಕ್ರ ಆ ಗೆರೆ ಬಿಡದಂತೆ ಹೊರಡುವುದು, 15-20 ಕಿ.ಮೀ. ವೇಗಕ್ಕೆ ಹೋಗುವುದು, ನಿಲ್ಲುವುದು. ಹೊರಡುವಾಗ ಹ್ಯಾಂಡಲನ್ನು ಕೊಂಚ ಬಲಕ್ಕೆ, ನಿಲ್ಲಿಸುವಾಗ ಕೊಂಚ ಎಡಕ್ಕೆ ಹಿಡಿಯಬೇಕಾಗುತ್ತದೆ. ಕೈ ನೋಯುತ್ತದೆ, ಅದು ಸಹಜ. ವೇಗ ಇಳಿಯುವಾಗ ಕೆಲವು ಗಾಡಿಗಳಲ್ಲಿ ಹ್ಯಾಂಡಲ್ ಎಡಬಲ ಗಡಗಡ ಅಲ್ಲಾಡುತ್ತದೆ. ಎರಡೂ ಕೈ ಬಿಗಿಯಾಗಿ ಹಿಡಿದರೆ ನಿಲ್ಲುತ್ತದೆ. ಜಾಸ್ತಿ ಇದ್ದರೆ ಈ ಅಲ್ಲಾಟ ತಡೆಯುವ ಸ್ಟಿಯರಿಂಗ್ ಡ್ಯಾಂಪರ್ ಹಾಕಿಸಬೇಕು.

ಹೆಜ್ಜೆ ಎರಡು: ಬಲಕ್ಕೆ ಸುತ್ತು

ಮೊದಲು ಬಲಕ್ಕೆ ದೊಡ್ಡ ವೃತ್ತ ಹಾಕಿ. ನಿಧಾನದಲ್ಲಿ ಇದು ಭದ್ರ, ತೊಟ್ಟಿ ಹೊರಗಡೆ ಊರುಗೋಲಿನ ಹಾಗೆ ನಿಂತಿರುತ್ತದೆ. ಆ ಭದ್ರತೆಯೇ ಆಮೇಲೆ ಮೋಸ ಮಾಡುತ್ತದೆ. ಬಲ ತಿರುವಿಗೆ ವೇಗವಾಗಿ ನುಗ್ಗಿ, ಮಧ್ಯದಲ್ಲಿ ಹೆದರಿ ಬ್ರೇಕ್ ಅದುಮಿದರೆ ಇಡೀ ಭಾರ ಮುಂದಕ್ಕೆ, ಎಡಕ್ಕೆ ಬೀಳುತ್ತದೆ. ಸೈಡ್‌ಕಾರಿನ ಮೂಗು ಕುಸಿದು ಬೈಕಿನ ಹಿಂದಿನ ಚಕ್ರವೇ ಮೇಲೇಳಬಹುದು. ಇದು ಎಡ ತಿರುವಿನ ಹಾಗೆ ಮುನ್ಸೂಚನೆ ಕೊಡುವುದಿಲ್ಲ. ಆದ್ದರಿಂದ ಬ್ರೇಕೆಲ್ಲ ತಿರುವಿಗೆ ಮುಂಚೆಯೇ ಮುಗಿಯಬೇಕು. ಸೀಟಿನಲ್ಲಿ ಸ್ವಲ್ಪ ಹಿಂದಕ್ಕೆ, ಬಲಕ್ಕೆ ಸರಿದು ಕೂತರೆ ಹಿಂದಿನ ಚಕ್ರಕ್ಕೆ ಭಾರ ಸಿಗುತ್ತದೆ.

ಹೆಜ್ಜೆ ಮೂರು: ಎಡ ತಿರುವು, ಎದ್ದ ಚಕ್ರ

ಇದಕ್ಕೆ ಅವಸರ ಬೇಡ. ಬೇಕಾದರೆ ಎರಡು ಭಾನುವಾರ ಇದಕ್ಕೇ ಇಟ್ಟುಕೊಳ್ಳಿ.

ಎಡಕ್ಕೆ ತಿರುಗುವಾಗ ಗಾಡಿಯ ಭಾರ ಬಲಕ್ಕೆ ತಳ್ಳಲ್ಪಡುತ್ತದೆ. ಆ ಕಡೆ ಆಧಾರವಾಗಿ ಯಾವ ಚಕ್ರವೂ ಇಲ್ಲ. ವೇಗ ಸ್ವಲ್ಪ ಜಾಸ್ತಿಯಾದರೆ ಸೈಡ್‌ಕಾರ್ ಚಕ್ರ ನೆಲ ಬಿಟ್ಟು ಏಳುತ್ತದೆ. ಖಾಲಿ ತೊಟ್ಟಿಯಲ್ಲಂತೂ ನೀವು ಅಂದುಕೊಳ್ಳುವುದಕ್ಕಿಂತ ಬಹಳ ಬೇಗ ಏಳುತ್ತದೆ.

ಮೂಟೆಗಳಿರುವಾಗ ಎಡಕ್ಕೆ ದೊಡ್ಡ ವೃತ್ತದಿಂದ ಶುರು ಮಾಡಿ. ಸೊಂಟವನ್ನು ಎಡಕ್ಕೆ ಸರಿಸಿ, ಎದೆಯನ್ನು ತೊಟ್ಟಿಯ ಕಡೆ ತನ್ನಿ. ಕಣ್ಣು ನೀವು ಹೋಗಬೇಕಾದ ಕಡೆ ಇರಲಿ, ತೊಟ್ಟಿಯ ಚಕ್ರದ ಮೇಲೆ ಬೇಡ. ಸ್ವಲ್ಪ ರೇಸ್ ಇಟ್ಟುಕೊಂಡರೆ ಗಾಡಿ ತಾನಾಗಿ ಎಡಕ್ಕೆ ಎಳೆಯುವುದರಿಂದ ಹ್ಯಾಂಡಲ್ ಹಗುರವಾಗುತ್ತದೆ. ವೃತ್ತವನ್ನು ಮೆಲ್ಲಮೆಲ್ಲಗೆ ಚಿಕ್ಕದು ಮಾಡಿ. ಆಮೇಲೆ ಒಂದು ಮೂಟೆ ತೆಗೆಯಿರಿ. ಪುನಃ ಮೊದಲಿನಿಂದ. ಕೊನೆಗೆ ಎರಡನೆಯದನ್ನೂ ತೆಗೆಯಿರಿ.

ಈಗ ಬೇಕೆಂದೇ ಚಕ್ರ ಎಬ್ಬಿಸಬೇಕು. ಸೈಡ್‌ಕಾರ್ ಓಡಿಸಿ ಗೊತ್ತಿರುವವರು ಪಕ್ಕದಲ್ಲಿದ್ದರೆ ಒಳ್ಳೆಯದು. ಖಾಲಿ ತೊಟ್ಟಿ, 15-20 ಕಿ.ಮೀ. ವೇಗ, ಎಡ ವೃತ್ತ. ವೃತ್ತ ಬಿಗಿ ಮಾಡುತ್ತಾ ಬನ್ನಿ. ಚಕ್ರ ಏಳುವ ಮುಂಚೆ ಗಾಡಿಯೇ ಹೇಳುತ್ತದೆ: ಸೈಡ್‌ಕಾರಿನ ಸ್ಪ್ರಿಂಗ್ ಸಡಿಲವಾಗುತ್ತದೆ, ಆ ಟೈರಿನ ಸದ್ದು ನಿಲ್ಲುತ್ತದೆ, ಸೀಟು ಬಲಕ್ಕೆ ಜಾರಿದಂತೆ ಆಗುತ್ತದೆ. ಆ ಕ್ಷಣ ಮಾಡಬೇಕಾದ್ದು ಎರಡೇ. ರೇಸನ್ನು ಮೆಲ್ಲಗೆ ಬಿಡಿ. ಹ್ಯಾಂಡಲನ್ನು ಸ್ವಲ್ಪ ಬಲಕ್ಕೆ, ಅಂದರೆ ನೇರಕ್ಕೆ ತನ್ನಿ. ಚಕ್ರ ಧಡ್ ಅಂತ ಇಳಿಯುತ್ತದೆ. ಮುಂದಿನ ಬ್ರೇಕ್ ಗಪ್ಪನೆ ಹಿಡಿಯಬೇಡಿ, ಹ್ಯಾಂಡಲನ್ನು ಎಡಕ್ಕೆ ಇನ್ನಷ್ಟು ತಿರುಗಿಸಲೇಬೇಡಿ.

ಬಲಗಡೆ ಜಾಗ ಬಿಡಿ ಅಂದದ್ದು ಇದಕ್ಕೇ. ಚಕ್ರ ಇಳಿಸುವಾಗ ಗಾಡಿ ಬಲಕ್ಕೆ ಹೋಗಿಯೇ ಹೋಗುತ್ತದೆ. ಮೈದಾನದಲ್ಲಿ ಬಲಕ್ಕೆ ಇರುವುದು ಬರೀ ಜಾಗ. ರೋಡಿನಲ್ಲಿ ಅಲ್ಲಿ ಬಸ್ಸು ಇರುತ್ತದೆ. ಹಾಗಾಗಿ ರೋಡಿನಲ್ಲಿ ಚಕ್ರ ಏಳದ ವೇಗವನ್ನೇ ಇಟ್ಟುಕೊಳ್ಳಬೇಕು. ಆ ವೇಗ ಎಷ್ಟು ಅಂತ ಗೊತ್ತಾಗಲು ಮೈದಾನದಲ್ಲಿ ಎಬ್ಬಿಸಿ ನೋಡಿರಬೇಕು. ಚಕ್ರವನ್ನು ಮನಸ್ಸಿಗೆ ಬಂದಾಗ ಎಬ್ಬಿಸಿ ಇಳಿಸುವುದು ಗಾಬರಿಯಿಲ್ಲದೆ ಬರುವ ತನಕ ರೋಡು ಬೇಡ, ತೊಟ್ಟಿಯಲ್ಲಿ ಜನ ಬೇಡವೇ ಬೇಡ. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

ಹೆಜ್ಜೆ ನಾಲ್ಕು: ಬ್ರೇಕು, ಎಂಟರ ಆಕಾರ

ಎಡ ವೃತ್ತ, ಬಲ ವೃತ್ತ ಸೇರಿಸಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿ. ಆಮೇಲೆ ತುರ್ತು ಬ್ರೇಕ್: 20, 30, 40 ಕಿ.ಮೀ. ಹೀಗೆ ಏರಿಸುತ್ತಾ ಹೋಗಿ. ಹಿಂದಿನ, ಮುಂದಿನ ಬ್ರೇಕ್ ಎರಡನ್ನೂ ಒಟ್ಟಿಗೆ ಹಿಡಿಯಿರಿ. ಗಾಡಿ ಬಲಕ್ಕೆ ತಿರುಗಲು ನೋಡಿದಾಗ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ಹಿಡಿದು ಗೆರೆಯ ಮೇಲೇ ನಿಲ್ಲಿಸಿ. ಅದೇ ಬ್ರೇಕು ಈಗ ಜಾಸ್ತಿ ಭಾರ ನಿಲ್ಲಿಸಬೇಕಾದ್ದರಿಂದ ನಿಲ್ಲುವ ದೂರ ಖಂಡಿತ ಹೆಚ್ಚುತ್ತದೆ. ಎಷ್ಟು ಹೆಚ್ಚಿತು ಅಂತ ಹೆಜ್ಜೆ ಹಾಕಿ ಅಳೆದು ನೋಡಿ. ಸೈಡ್‌ಕಾರ್ ಚಕ್ರಕ್ಕೂ ಬ್ರೇಕ್ ಇದ್ದರೆ ಬಲಕ್ಕೆ ಎಳೆಯುವುದು ಬಹಳ ಕಡಿಮೆಯಾಗುತ್ತದೆ. ದುಡ್ಡು ಇದ್ದರೆ ಪಾಲಿಶು, ಕ್ರೋಮಿಗಿಂತ ಮೊದಲು ಆ ಬ್ರೇಕಿಗೆ ಖರ್ಚು ಮಾಡಿ.

ರೋಡಿಗೆ ಇಳಿದ ಮೇಲೆ

ಮೂರು ಚಕ್ರ, ಎರಡು ಬೇರೆ ಬೇರೆ ದಾರಿ. ಬೈಕಿನಲ್ಲಿ ಗುಂಡಿ ತಪ್ಪಿಸಿದ ಹಾಗೆ ಇಲ್ಲಿ ಆಗುವುದಿಲ್ಲ, ಒಂದು ತಪ್ಪಿದರೆ ಇನ್ನೊಂದಕ್ಕೆ ಸಿಗುತ್ತದೆ. ತಪ್ಪಿಸಲು ಗಕ್ಕನೆ ಎಡಕ್ಕೆ ಎಳೆಯುವುದಕ್ಕಿಂತ ನಿಧಾನ ಮಾಡಿ ಗುಂಡಿಗೆ ಇಳಿಸುವುದೇ ಮೇಲು. ಹಂಪ್ ಬಂದರೆ ನೇರವಾಗಿ ಹತ್ತಿಸಿ. ಅಂಚಿನಲ್ಲಿ ನುಸುಳಲು ಹೋಗಿ ಸೈಡ್‌ಕಾರ್ ಚಕ್ರ ಮಾತ್ರ ಹಂಪಿನ ಮೇಲೆ ಹೋದರೆ ಗಾಡಿ ಬಲಕ್ಕೆ ಎತ್ತಿ ಹಾಕುತ್ತದೆ.

ನಮ್ಮ ಊರ ಕಡೆಯ ರಸ್ತೆಗಳಲ್ಲಿ ಡಾಂಬರಿನ ಅಂಚಿನಿಂದ ಮಣ್ಣಿಗೆ ಅರ್ಧ ಅಡಿ ಇಳಿತ ಇರುತ್ತದೆ. ಬಸ್ಸಿಗೆ ಜಾಗ ಕೊಡಲು ಎಡಕ್ಕೆ ಸರಿದಾಗ ಸೈಡ್‌ಕಾರ್ ಚಕ್ರ ಅದರೊಳಕ್ಕೆ ಬೀಳಬಹುದು. ಬಿದ್ದರೆ ಹ್ಯಾಂಡಲ್ ಎಳೆದು ಹತ್ತಿಸಲು ಹೋಗಬೇಡಿ. ನೇರ ಹಿಡಿದು, ನಿಧಾನ ಮಾಡಿ, ನಿಂತು, ಆಮೇಲೆ ಹತ್ತಿಸಿ. ನಿಮ್ಮ ಗಾಡಿಯ ಅಗಲ ನಿಮಗೆ ಕಾಣದ ಎಡಗಡೆ ಇದೆ ಅನ್ನುವುದು ಸದಾ ನೆನಪಿರಲಿ. ಸಿಗ್ನಲ್ಲಿನಲ್ಲಿ ವಾಹನಗಳ ಸಂದಿಗೆ ತೂರುವ ಅಭ್ಯಾಸ ಮುಗಿಯಿತು, ಆಟೋದವರ ಹಿಂದೆ ಸಾಲಿನಲ್ಲಿ ನಿಲ್ಲಿ.

ಘಾಟಿಗೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ಎಡ ತಿರುವು ಒಳಗಡೆ ಬಿಗಿಯಾಗಿ ಬರುತ್ತದೆ. ಹತ್ತುವಾಗ ರೇಸ್ ಸಹಾಯ ಮಾಡುತ್ತದೆ. ಇಳಿಯುವಾಗ ಎಂಜಿನ್ ಬ್ರೇಕಿಂಗು, ಚಕ್ರದ ಬ್ರೇಕು ಎರಡೂ ಬಲಕ್ಕೇ ಎಳೆಯುತ್ತವೆ. ಇಳಿಜಾರಿಗೆ ಮುಂಚೆಯೇ ಕೆಳಗಿನ ಗೇರಿಗೆ ಬಂದು, ತಿರುವಿನೊಳಗೆ ನಡೆದು ಹೋದಷ್ಟು ನಿಧಾನಕ್ಕೆ ಹೋಗಿ. ಮೊದಲ ಕೆಲವು ತಿಂಗಳು ಘಾಟಿ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಹೊತ್ತು ಯಾವುದು ಗೊತ್ತಾ? ವಾಪಸ್ ಬರುವಾಗ. ಹೋಗುವಾಗ ತೊಟ್ಟಿಯಲ್ಲಿ ಅಮ್ಮ ಕೂತಿದ್ದರು, ಪೆಟ್ರೋಲ್ ಬಂಕಿನ ಹತ್ತಿರದ ಎಡ ತಿರುವಿನಲ್ಲಿ ಗಾಡಿ ಬಂಡೆಯಂತೆ ನೆಲಕ್ಕೆ ಅಂಟಿತ್ತು. ಅವರನ್ನು ಅಕ್ಕನ ಮನೆಯಲ್ಲಿ ಇಳಿಸಿ ಒಬ್ಬರೇ ಬರುತ್ತೀರಿ. ಕೈಗೆ ಹೋಗುವಾಗಿನ ವೇಗವೇ ನೆನಪಿರುತ್ತದೆ, ತೊಟ್ಟಿಯಲ್ಲಿ ಆ ಐವತ್ತು ಅರವತ್ತು ಕಿಲೋ ಇರುವುದಿಲ್ಲ. ಚಕ್ರ ಏಳುವುದು ಇಂಥ ತಿರುವಿನಲ್ಲೇ. ಒಂದು ಮರಳಿನ ಮೂಟೆಯನ್ನು ಸೈಡ್‌ಕಾರಿನ ಸೀಟಿನ ಹಿಂದೆ ಕಾಯಂ ಕಟ್ಟಿಡಿ. ಮೈಲೇಜ್ ಸ್ವಲ್ಪ ಕಡಿಮೆಯಾದರೆ ಆಗಲಿ.

ಕೂರುವವರಿಗೆ ಹೇಳಬೇಕಾದ್ದು

ಕೈ ಒಳಗಿರಲಿ, ಸೆರಗು, ವೇಲು, ದುಪ್ಪಟ್ಟಾ ಬಿಗಿಯಾಗಿ ಸಿಕ್ಕಿಸಿಕೊಳ್ಳಲಿ, ಸೈಡ್‌ಕಾರಿನ ಚಕ್ರ ಪಕ್ಕದಲ್ಲೇ ತಿರುಗುತ್ತಿರುತ್ತದೆ. ಎಡ ತಿರುವಿನಲ್ಲಿ ಎಡಕ್ಕೆ ವಾಲಿದರೆ ಒಳ್ಳೆಯದು. ಗೊತ್ತಾಗದಿದ್ದರೆ ಅಲುಗಾಡದೆ ಕೂತರೂ ಸಾಕು. ನೀವು ಎಂಜಿನ್ ಆಫ್ ಮಾಡಿ "ಇಳೀರಿ" ಅನ್ನುವ ತನಕ ಏಳಬಾರದು. ಒಬ್ಬರ ಸೀಟಿನಲ್ಲಿ ಒಬ್ಬರೇ. ಮೂರು ಮಕ್ಕಳನ್ನು ತುಂಬುವ ಜಾಗ ಅದಲ್ಲ.

ನಿಲ್ಲಿಸುವುದು, ಬೋಲ್ಟ್ ನೋಡುವುದು

ಸೈಡ್ ಸ್ಟ್ಯಾಂಡ್ ಬೇಕಿಲ್ಲ, ಆದರೆ ಇಳಿಜಾರಿನಲ್ಲಿ ಗಾಡಿ ಉರುಳಿ ಹೋಗುತ್ತದೆ. ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ರಿವರ್ಸ್ ಗೇರ್ ಇಲ್ಲದ್ದರಿಂದ ತಳ್ಳಿ ತೆಗೆಯಲು ಆಗದ ಕಡೆ ಮೂಗು ತೂರಿಸಬೇಡಿ.

ವಾಲದ ಬೈಕಿನಲ್ಲಿ ಪ್ರತಿ ತಿರುವೂ ಚಕ್ರವನ್ನು ಪಕ್ಕಕ್ಕೆ ತಿರುಚುತ್ತದೆ. ಬೈಕಿನ ಚಕ್ರದ ಕಡ್ಡಿಗಳನ್ನು, ಬೇರಿಂಗನ್ನು ಮಾಡಿದ್ದು ಈ ಪಕ್ಕದ ಒತ್ತಡಕ್ಕಲ್ಲ. ಮೊದಲ ಸವಾರಿ ಮುಗಿದ ಕೂಡಲೇ ನಾಲ್ಕೂ ಜೋಡಣೆಯ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಿ, ಒಂದಾದರೂ ಸಡಿಲವಾಗಿರುತ್ತದೆ. 100 ಕಿ.ಮೀ. ಆದ ಮೇಲೆ ಮತ್ತೆ ನೋಡಿ. ಆಮೇಲೆ ವಾರಕ್ಕೊಮ್ಮೆ. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಪಟ್ಟಿಯವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೀಟು ಎಳೆದುಬಿಡಿ. ನಟ್ಟು ಅಲುಗಿದರೆ ಗೀಟು ಒಡೆದು ಕಾಣುತ್ತದೆ, ಸ್ಪ್ಯಾನರ್ ತೆಗೆಯುವ ಮುಂಚೆಯೇ ಗೊತ್ತಾಗುತ್ತದೆ. ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ. ಎಲ್ಲ ಒಂದೇ ಥರ ಟಿಣ್ ಅನ್ನಬೇಕು. ಯಾವುದಾದರೂ ಟಪ್ ಅಂದರೆ ಆ ಕಡ್ಡಿ ಸಡಿಲ, ಬಿಗಿ ಮಾಡಿಸದೆ ಗಾಡಿ ತೆಗೆಯಬೇಡಿ.